ಮೂಗಿಲ್ಲದ ಮುಖ

ಕೊಚ್ಚಿ
೧೪-೮-೧೯೫೮

ನಿಮ್ಮ ಪಾದಗಳಿಗೆ ವಾರಿಜಾ ಮಾಡುವ ನಮಸ್ಕಾರಗಳು.

ಕೋಪಿಸಿಕೊಂಡು ಬಂದವಳು ಒಂದು ವರ್ಷದ ಮೇಲೆ ಬರೆಯುತ್ತಿದ್ದೇನೆ. ಇದನ್ನು ಓದಿ ಹೇಳುತ್ತಿರುವವರು ನಿಮ್ಮ ಆಫೀಸಿನ ಕಮಲಾಕ್ಷರು ಎಂದು ಗೊತ್ತು. ಅವರೆದುರು ನಾಚಿಕೊಳ್ಳುವ ಸ್ಥಿತಿಯಲ್ಲಿ ನಾನೀಗ ಇಲ್ಲ.

ಮಂಗಳವಾರ ಆಸ್ಪತ್ರೆಯಲ್ಲಿ ನಿಮ್ಮ ಮಂಚದ ಹತ್ತಿರ ಒಬ್ಬಳು ಬಂದು ನಿಂತಳಲ್ಲ, ನೇರವಾಗಿ ಅವಳ ಮುಖ ನೋಡಿ, "ಸಿಸ್ಟರ್, ಕುರಚ್ಚು ವೆಳ್ಳಂ" ಎಂದು ನಿಮ್ಮ ಮುರುಕು ಮಲಯಾಳದಲ್ಲಿ ನೀರು ಕೇಳಿದಿರಲ್ಲ, ಅವಳು ನರ್ಸಲ್ಲ. ನಾನು. ನೀರು ಕೊಟ್ಟೆ. "ಥ್ಯಾಂಕ್ಯೂ ಸಿಸ್ಟರ್" ಎಂದಿರಿ! ಲೋಟ ಇಟ್ಟು, ನಾನೆಂದು ಹೇಳದೆಯೇ ಹೊರಗೆ ಬಂದುಬಿಟ್ಟೆ. ಅಂದೇ ರೈಲಿನಲ್ಲಿ ಕೊಚ್ಚಿಗೆ ಮರಳಿದೆ.

ಅಂದು ಬೆಳಿಗ್ಗೆ ಪಟ್ಟಂನ ನಿಮ್ಮ ಆಫೀಸಿಗೆ ಬಂದದ್ದು ಜಗಳ ಮುಗಿಸಲಿಕ್ಕಲ್ಲ, ಮುಂದುವರಿಸಲಿಕ್ಕೆ. ಆ ಚಿತ್ರದ ಹೊಟ್ಟೆಯುರಿ ಇನ್ನೂ ಆರಿರಲಿಲ್ಲ. ವಿಜ್ಞಾನಿಗಳಿಗಾಗಿ ಮೀನಿನ ಚಿತ್ರ ಬರೆಯುವಾಗ ರೆಕ್ಕೆಯ ಒಂದು ಗೆರೆಯನ್ನೂ ತಪ್ಪಿಸದ ಮನುಷ್ಯ, ಪ್ರದರ್ಶನಕ್ಕೆಂದು ಹೆಂಡತಿಯನ್ನು ಕೂರಿಸಿ ಬರೆದರೆ ಕಣ್ಣಿಲ್ಲ, ಮೂಗಿಲ್ಲ, ಬರೀ ಬೂದು ಹೊಗೆ! ಬಂದವರೆಲ್ಲ ಹೊಸ ಶೈಲಿ, ಭೇಷ್ ಎಂದರು. ಪಕ್ಕದ ಮನೆಯ ಸರೋಜಮ್ಮ ಮಾತ್ರ ನನ್ನ ಮೂಗು ಎಲ್ಲಿ ಹೋಯಿತೆಂದು ಕೇಳಿ ನಕ್ಕರು. ನಿಮಗೆ ನನಗಿಂತ ಬಂಗುಡೆಯೇ ಹೆಚ್ಚಾಯಿತೆಂದು ನಾನು ಪೆಟ್ಟಿಗೆ ಕಟ್ಟಿದೆ.

ಆಫೀಸಿನಲ್ಲಿ ನೀವಿರಲಿಲ್ಲ; ಕಣ್ಣು ಕಾಣದೆ ಆಸ್ಪತ್ರೆ ಸೇರಿದ್ದೀರೆಂದು ಕಮಲಾಕ್ಷರು ಹೇಳಿದರು. ಮೀನನ್ನು ನೀವು ಭೂತಗನ್ನಡಿಯ ಕೆಳಗಿಟ್ಟು, ಅದಕ್ಕೆ ಮುಖ ತಾಗಿಸಿ ನೋಡುತ್ತಿದ್ದಿರಂತೆ. ಹೆಂಡತಿಯನ್ನು ಹಾಗೆ ನೋಡಲಿಕ್ಕಾಗುತ್ತದೆಯೇ? ಅದು ಶೈಲಿಯೇ ಆಗಿರಲಿಲ್ಲ. ನೀವು ಕಂಡದ್ದನ್ನು ಕಂಡ ಹಾಗೆ ಬರೆದಿದ್ದಿರಿ.

ಇನ್ನು ಆ ಔಷಧಿ! ನೀವು ನಮ್ಮ ಶಿವಮೊಗ್ಗೆಯಲ್ಲಿ ಹೇಳುವ ಹಾಗೆ ಬೀದಿಯ ವೈದ್ಯರಿಗೆ "ಕಣ್ಣು ಮಂಜು" ಎಂದಿರಂತೆ. ಮಲಯಾಳದಲ್ಲಿ ಮಂಞ ಎಂದರೆ ಹಳದಿ. ಇಲ್ಲಿಯ ಮಕ್ಕಳಿಗೆ ಪಾಠ ಹೇಳುತ್ತ ನಾನೇ ಈ ವರ್ಷ ಕಲಿತದ್ದು. ಅವರು ಕಾಮಾಲೆಯೆಂದು ತಿಳಿದು ನೆಲನೆಲ್ಲಿ ಅರೆದು ಕುಡಿಸಿದರು, ಉಪ್ಪು ಬಿಡಿಸಿದರು. ನೀವು ತಿಂಗಳುಗಟ್ಟಲೆ ಸಪ್ಪೆ ಗಂಜಿ ಕುಡಿದುಕೊಂಡು ಕೂತಿರಿ! ಕಾಸರಗೋಡಿನ ಕಮಲಾಕ್ಷರು ವರ್ಗವಾಗಿ ಬಂದ ಮೇಲೆಯೇ ತಪ್ಪು ತಿಳಿದದ್ದು. "ಇದು ಮಂಞ ಅಲ್ಲ ಮಾರಾಯ್ರೇ, ಮಂಜು. ಏಳಿ, ಹೋಗುವ" ಎಂದು ಅವರೇ ಆಸ್ಪತ್ರೆಗೆ ಎಳೆದುಕೊಂಡು ಹೋದರಂತೆ. ಒಂದು ಅಕ್ಷರದ ವ್ಯತ್ಯಾಸ. ನನಗೆ ಇನ್ನೂ ನಂಬಲಾಗುತ್ತಿಲ್ಲ.

ಡಾಕ್ಟರನ್ನೂ ಕಂಡೆ. ಕಣ್ಣಿನೊಳಗೆ ಒತ್ತಡ ಏರಿದೆಯಂತೆ. ಆಪರೇಷನ್ ಆದರೆ ಎಲ್ಲ ಸರಿಹೋಗುತ್ತದೆ ಎಂದರು. ರಜೆ ಬರೆದುಕೊಟ್ಟಿದ್ದೇನೆ, ಆದಿತ್ಯವಾರ ಬರುತ್ತೇನೆ. ಈ ಸಲ ಬಾಗಿಲಿನಿಂದಲೇ ಮಾತಾಡಿಕೊಂಡು ಬರುತ್ತೇನೆ. ನೀವು ಧೈರ್ಯವಾಗಿರಿ.

ನಿಮ್ಮವಳೇ ಆದ
ವಾರಿಜಾ

ತಾ.ಕ.: ಕಮಲಾಕ್ಷರೇ, ಇದನ್ನು ಅವರಿಗೆ ಓದಬೇಡಿ. ಆಪರೇಷನ್ ನೋವು ನಿಲ್ಲಿಸಲಿಕ್ಕೆ ಮಾತ್ರ, ದೃಷ್ಟಿ ತಿರುಗಿ ಬರುವುದಿಲ್ಲ ಎಂದು ಡಾಕ್ಟರು ಹೇಳಿದಾಗ ನೀವೂ ಪಕ್ಕದಲ್ಲಿದ್ದಿರಿ. ದಯವಿಟ್ಟು ಬಾಯಿಬಿಡಬೇಡಿ. ಆ ಮಾತನ್ನು ಅವರ ಕೈ ಹಿಡಿದುಕೊಂಡು ನಾನೇ ಹೇಳಬೇಕು.