ಕೂಗಿಗೆ ಮೊದಲು ಟಕ್

ಮೆಂಫಿಸ್
ಮಂಗಳವಾರ, ಅಕ್ಟೋಬರ್ 8, 2013

ಪ್ರೀತಿಯ ಲರ್ಲೀನ್,

ನೀನು ಈಸ್ಟರಿಗೆ ಕಳಿಸಿದ ಕಾರ್ಡಿಗೆ ಅಕ್ಟೋಬರಿನಲ್ಲಿ ಉತ್ತರ ಬರೆಯುತ್ತಿದ್ದೇನೆ. ಬೈಯುವುದಿದ್ದರೆ ಈಗಲೇ ಬೈದು ಮುಗಿಸು, ಆಮೇಲೆ ಕನ್ನಡಕ ಹಾಕಿಕೊಂಡು ಓದು. ಫೋನಿನಲ್ಲೇ ಹೇಳಬಹುದಿತ್ತು, ಆದರೆ ಫೋನಿನಲ್ಲಿ ನೀನು ನನಗೆ ಮಾತಾಡಲು ಬಿಟ್ಟಿದ್ದು ಯಾವತ್ತು? ನಿನ್ನ ಮಂಡಿ ಹೇಗಿದೆ? ಡೆಟ್ರಾಯಿಟಿನಲ್ಲಿ ಆಗಲೇ ಕೋಟು ಹೊರಗೆ ಬಂದಿರಬೇಕು. ಇಲ್ಲಿ ನಾನಿನ್ನೂ ಫ್ಯಾನ್ ಹಾಕಿಕೊಂಡು ಮಲಗುತ್ತಿದ್ದೇನೆ. ಬಿಪಿ ಹದದಲ್ಲಿದೆ ಎಂದು ಡಾಕ್ಟರ್ ಹೇಳುತ್ತಾನೆ, ಅವನನ್ನು ನಾನು ಪೂರ್ತಿ ನಂಬಿಲ್ಲ. ಮೋಡ ಕವಿದರೆ ದವಡೆ ನೋಯುತ್ತದೆ. ಒಂಬತ್ತು ವರ್ಷದವಳಿದ್ದಾಗ ಹತ್ತಿ ಬಿಡಿಸಲು ಹೋಗುವ ಲಾರಿಯಿಂದ ಬಿದ್ದದ್ದು ಇನ್ನೂ ನನ್ನನ್ನು ಬಿಟ್ಟಿಲ್ಲ ನೋಡು. ಬಾಯಿ ಅಗಲಿಸಿದರೆ ಈಗಲೂ ಟಕ್ ಎನ್ನುತ್ತದೆ. ಚರ್ಚಿನ ಹಾಡಿನ ಸಾಲಿನಲ್ಲಿ ನನ್ನ ಪಕ್ಕ ನಿಂತು ನೀನು ಅದಕ್ಕೆ ಕಿಸಕ್ಕನೆ ನಗುತ್ತಿದ್ದೆ, ನಿನ್ನ ಬದಲು ನನಗೆ ಏಟು ಬೀಳುತ್ತಿತ್ತು.

ಈಗ ವಿಷಯಕ್ಕೆ ಬರುತ್ತೇನೆ. ಇಲ್ಲಿ ಏನೋ ನಡೆಯುತ್ತಿದೆ. ಕೆಲವು ವಾರಗಳಿಂದ ಎಲ್ಲರೂ ನನ್ನ ಜೊತೆ ವಿಪರೀತ ಚೆನ್ನಾಗಿ ನಡೆದುಕೊಳ್ಳುತ್ತಿದ್ದಾರೆ.

ಮೊದಲು ಬಂದವಳು ಡೇನೀಸ್ ಕ್ಲೇಬರ್ನ್ ಎಂಬ ಹುಡುಗಿ. ನಮ್ಮವಳೇ, ನಮ್ಮ ಕರಿಯರ ಕೇರಿ ಆರೆಂಜ್ ಮೌಂಡಿನಲ್ಲಿ ಬೆಳೆದವಳು. ಹಾಗಂತ ಅವಳು ಹೇಳಿದಳು. ಕೈಯಲ್ಲಿ ಅಂಗಡಿಯ ಕೇಕು. ಯಾವುದೋ ಸಂಗೀತ ಸಮಿತಿಯಂತೆ. ನಮ್ಮ ಹಳೆಯ ಸ್ಟುಡಿಯೋ ಇದ್ದ ಜಾಗದಲ್ಲಿ ಈಗ ಟೈರ್ ಅಂಗಡಿ ಇದೆಯಲ್ಲ, ಅದರ ಮುಂದಿನ ಫುಟ್‌ಪಾತಿನಲ್ಲಿ ಹಿತ್ತಾಳೆಯ ಫಲಕ ಕೂರಿಸುತ್ತಾರಂತೆ.

"ಮಿಸ್ ಅರ್ನೆಸ್ಟೀನ್, ಬ್ಲೂಸ್, ಸೋಲ್ ಮ್ಯೂಸಿಕ್ ಹಾಡಿದೋರಿಗೆ, ಬಾರಿಸಿದೋರಿಗೆ ಈ ಊರು ಮರ್ಯಾದೆ ಮಾಡ್ಲೇ ಇಲ್ಲ. ಈಗ ಮಾಡ್ತಿದೀವಿ" ಎಂದಳು.

"ಯಾಕೆ?" ಎಂದೆ.

"ಅಂದ್ರೆ?"

"ಇಷ್ಟು ವರ್ಷ ಯಾಕೆ ಮಾಡ್ಲಿಲ್ಲ ಅಂತ ಕೇಳ್ತಿಲ್ಲ ಮಗಳೇ. ಈಗ ಯಾಕೆ ಮಾಡ್ತಿದೀರ ಅಂತ ಕೇಳ್ತಿದೀನಿ."

ಅವಳು ನಕ್ಕಳು. ನಾನು ನಗಲಿಲ್ಲ. ನಿನಗೆ ನೆನಪಿದೆಯೇ, ಹಿಂದೊಮ್ಮೆ ಒಬ್ಬ ಗಡ್ಡದವನು ಬಂದು, ಪುಸ್ತಕ ಬರೆಯುತ್ತೇನೆ ಎಂದು, ನಾವಿಬ್ಬರೂ ಹಳದಿ ಗೌನು ತೊಟ್ಟಿದ್ದ ಫೋಟೋ ಒಯ್ದದ್ದು? ಪುಸ್ತಕವೂ ಇಲ್ಲ, ಫೋಟೋವೂ ಇಲ್ಲ. ಆ ಟೈರ್ ಅಂಗಡಿಯ ಬೀದಿಯಲ್ಲಿ ಯಾರೋ ಹೋಟೆಲು ಕಟ್ಟಲು ಜಾಗ ನೋಡುತ್ತಿದ್ದಾರೆ ಎಂಬ ಸುದ್ದಿಯೂ ಇದೆ. ನಮ್ಮ ಹೆಸರನ್ನು ಕಾಲಡಿ ಹಾಕಿ ನೆಲದ ಬೆಲೆ ಏರಿಸುವ ಉಪಾಯವೇ ಇರಬೇಕು. ಕೇಕನ್ನು ಮೊದಲು ಪಕ್ಕದ ಮನೆಯವಳಿಗೆ ಕೊಟ್ಟೆ. ಅವಳಿಗೇನೂ ಆಗದ ಮೇಲೆ ಉಳಿದದ್ದನ್ನು ನಾನು ತಿಂದೆ.

ಆಮೇಲೆ ನಮ್ಮ ಪಾದ್ರಿ ಗೇದರ್. ಬ್ಲೂಸ್ ಎಂದರೆ ಸೈತಾನನ ಜೋಗುಳ ಎಂದು ಇಪ್ಪತ್ತು ವರ್ಷ ಬೋಧಿಸಿದ ಮನುಷ್ಯ, ಹೋದ ಭಾನುವಾರ ಎಲ್ಲರೆದುರು ನನ್ನನ್ನು ಎಬ್ಬಿಸಿ ನಿಲ್ಲಿಸಿ, "ಸಿಸ್ಟರ್ ಬಾಡ್ಲಿ ನಮ್ಮ ಚರ್ಚಿನ ಆಸ್ತಿ" ಎಂದ. ಜನ ಚಪ್ಪಾಳೆ ತಟ್ಟಿದರು. ಬಾಗಿಲಲ್ಲಿ ಕೈ ಕುಲುಕುವಾಗ, "ಫಲಕದ ದಿನ ಪ್ರಾರ್ಥನೆ ಮಾಡೋಕೆ ಯಾರನ್ನ ಕರೀತಾರಂತೆ?" ಎಂದು ಮೆಲ್ಲಗೆ ಕೇಳಿದ. ಗೊತ್ತಾಯಿತಲ್ಲ.

ಬೇಸ್ ಗಿಟಾರಿನ ಕ್ಲಿಯೋಥಾ ಬದುಕಿದ್ದಾನೆ, ಕಿವಿ ಮಾತ್ರ ಅರ್ಧ ಹೋಗಿದೆ. ಅವನಿಗೂ ಕರೆ ಬಂದಿತ್ತಂತೆ. "ಸತ್ತೋರಿಗೆ ಮಾತ್ರ ಮರ್ಯಾದೆ ಅಂದ್ಕೊಂಡಿದ್ದೆ ಟೀನಿ. ಫೋನ್ ಇಟ್ಟವನೇ ಹೋಗಿ ಕನ್ನಡಿ ನೋಡ್ಕೊಂಡೆ" ಎಂದ. ನನ್ನನ್ನು ಇನ್ನೂ ಟೀನಿ ಎಂದೇ ಕರೆಯುತ್ತಾನೆ. ಅವನ ಬಾಯಿ ನಿನಗೆ ಗೊತ್ತು. ಆ ಬಾಯಿಯಿಂದಲೇ ಈಗ ಗಂಟು ಬಿದ್ದಿದೆ.

ಏನೆಂದರೆ, ಫಲಕದಲ್ಲಿ ಓಥಾ ರೇನಿ ಹಾಡಿ ನಾವಿಬ್ಬರೂ ಹಿಮ್ಮೇಳ ಕೊಟ್ಟ ಸೇತುವೆ ಹಾಡಿಗೆ ಬೇರೆಯೇ ಜಾಗವಿದೆ. ಓಥಾನ ಹೆಸರು, ಬಾರಿಸಿದವರ ಹೆಸರು, ಕೆಳಗೆ "ಆ ಕೂಗು" ಎಂದು ಬರೆದು ಒಂದು ಹೆಸರು. ಹಾಡಿನ ನಡುವೆ ವಾದ್ಯವೆಲ್ಲ ನಿಂತು ಹಿಮ್ಮೇಳದಿಂದ ಒಂದು ಹೆಣ್ಣು ದನಿ ಏಳುತ್ತದಲ್ಲ, ಅದಿಲ್ಲದೆ ಆ ಹಾಡನ್ನು ಯಾರೂ ಕೇಳುತ್ತಿರಲಿಲ್ಲ ಎಂದು ಡೇನೀಸ್ ಹೇಳುತ್ತಾಳೆ. ಪುಸ್ತಕಗಳಲ್ಲೆಲ್ಲ ನಿನ್ನ ಹೆಸರಿದೆ. ಕ್ಲಿಯೋಥಾ ಅವಳಿಗೆ, "ಪುಸ್ತಕ ಬರೆದೋರು ಆ ಕೋಣೇಲಿದ್ರಾ? ಕೂಗಿದ್ದು ಟೀನಿ" ಎಂದುಬಿಟ್ಟಿದ್ದಾನೆ.

ಅವಳು ಮತ್ತೆ ಬಂದು, "ನಿಜವಾ ಮಿಸ್ ಟೀನಿ?" ಎಂದಳು. ನಾನು ನೇರ ಉತ್ತರ ಕೊಡಲಿಲ್ಲ. ಇಬ್ಬರು ಮುದುಕಿಯರನ್ನು ಕಿತ್ತಾಡಲು ಬಿಟ್ಟು ಪೇಪರಿನಲ್ಲಿ ಹಾಕುವ ಹುನ್ನಾರ ಇದ್ದರೂ ಇರಬಹುದು. "ಲರ್ಲೀನ್ ನನ್ನ ಒಡಹುಟ್ಟಿದೋಳಿಗಿಂತ ಹೆಚ್ಚು. ನಮ್ಮಿಬ್ಬರ ನಡುವೆ ಬೆರಳು ಹಾಕಬೇಡ" ಎಂದೆ. ಆದರೆ ನೀನು ನನಗೆ ಹೇಳಿದ್ದನ್ನು ಅವಳಿಗೂ ಹೇಳಿದೆ: ಸ್ಟುಡಿಯೋದ ಬರ್ಲ್ ಸಾಹೇಬ ರೆಕಾರ್ಡಿನ ಹೊದಿಕೆಯ ಮೇಲೆ ಹಿಮ್ಮೇಳಕ್ಕೆ ಒಂದೇ ಹೆಸರಿಗೆ ಜಾಗವಿದೆ ಎಂದದ್ದು, ಗೊತ್ತಿಲ್ಲದೆ ನಿನ್ನದನ್ನು ಹಾಕಿದ್ದು, ನೀನು ಮರುದಿನ ಹೋಗಿ ನನ್ನ ಪರವಾಗಿ ಜಗಳವಾಡಿದ್ದು. ಆ ಹೆಸರು ನೋಡಿಯೇ ಯುರೋಪಿನವರು ನಿನ್ನನ್ನು ಕರೆದರು. ಹೋಗಲೋ ಬೇಡವೋ ಎಂದು ನೀನು ನಮ್ಮ ಅಡುಗೆಮನೆಯಲ್ಲಿ ಕೂತು ಅತ್ತೆ. "ಹೋಗೇ, ಯಾರಾದ್ರೂ ಒಬ್ಬರು ಹೋಗ್ಲಿ" ಎಂದು ನಾನೇ ಕಳಿಸಿದೆ.

ನನ್ನ ಗಂಡ ವಾರ್ಡೆಲ್‌ಗೆ ಮಾತ್ರ ಸಾಯುವವರೆಗೂ ಅನುಮಾನ. ಒಂದು ರಾತ್ರಿ, "ಆ ಲರ್ಲೀನ್ ನಿನ್ನ ಮುಖ ನೋಡಿ ಮಾತಾಡೋದು ನೀನು ಕಂಡಿದೀಯ?" ಎಂದ. ಅದಕ್ಕೆ ಅವನನ್ನು ಒಂದು ವಾರ ಸೋಫಾ ಮೇಲೆ ಮಲಗಿಸಿದ್ದೆ. ಅವನಿಗೆ ಊರಿನವರೆಲ್ಲರ ಮೇಲೂ ಅನುಮಾನ. ಆ ಗುಣ ನನಗೆ ಅವನಿಂದಲೇ ಅಂಟಿತು. ನಿನ್ನ ವಿಷಯದಲ್ಲಿ ಮಾತ್ರ ಅಂಟಲಿಲ್ಲ.

ನಾಚಿಕೆ ಬಿಟ್ಟು ಒಂದು ಮಾತು ಹೇಳುತ್ತೇನೆ ಲರ್ಲೀನ್. ನನಗೆ ಆ ಹೆಸರು ಬೇಕು. ಶಾಲೆಯ ಅಡುಗೆಮನೆಯಲ್ಲಿ ಅಷ್ಟು ವರ್ಷ ದುಡಿದೆನಲ್ಲ, ಅಲ್ಲೊಂದು ರೇಡಿಯೋ ಇತ್ತು. ಸೇತುವೆ ಹಾಡು ಬಂದಾಗಲೆಲ್ಲ ಜೊತೆಯ ಹೆಂಗಸರು ಸೌಟು ಎತ್ತಿ ಹಿಡಿದು ಆ ಕೂಗು ಹಾಕುತ್ತಿದ್ದರು. "ಎಂಥಾ ಗಂಟಲು ಕೊಟ್ಟಿದಾನೆ ದೇವರು ಆ ಹೆಂಗಸಿಗೆ" ಎನ್ನುತ್ತಿದ್ದರು. ನಾನು ಜೋಳದ ರೊಟ್ಟಿ ಕತ್ತರಿಸುತ್ತ ಹೌದೆನ್ನುತ್ತಿದ್ದೆ. ಅವರಲ್ಲಿ ಇಬ್ಬರು ಇನ್ನೂ ಇದ್ದಾರೆ. ಅವರು ಆ ಫುಟ್‌ಪಾತಿನ ಮೇಲೆ ನಿಂತು ಬಗ್ಗಿ ಓದಬೇಕು ಎಂದು ಆಸೆ.

ನಾನೇ ಹೇಳಿಕೊಂಡರೆ ಕದ್ದಂತೆ ಕಾಣುತ್ತದೆ. ನೀನು ಹೇಳಿದರೆ ಮುಗಿಯಿತು. ಡೇನೀಸ್ ನಿನಗೂ ಫೋನ್ ಮಾಡುತ್ತಾಳೆ. ಬರ್ಲ್ ಸಾಹೇಬ ಹೇಗೆ ಮಾಡಿದ ಎಂದು ನಿನ್ನ ಬಾಯಿಂದಲೇ ಹೇಳು. ಅವನು ಸತ್ತು ಎಷ್ಟೋ ಕಾಲವಾಯಿತು, ಇನ್ನು ಯಾರಿಗೂ ಮುಲಾಜಿಲ್ಲ.

ಗುರುವಾರ ಅವಳ ಆಫೀಸಿಗೆ ಹೋಗಬೇಕು. ಆವತ್ತಿನ ಮೂಲ ಟೇಪು ಸಿಕ್ಕಿದೆಯಂತೆ, ಹಾಡಿನ ಹಿಂದೆ ಮುಂದೆ ನಾವು ಆಡಿದ ಮಾತೂ ಇದೆಯಂತೆ. ಏನೋ ಸಹಿ ಹಾಕಿಸಿಕೊಳ್ಳುವ ಉಪಾಯವಿರಬಹುದು. ಪೆನ್ನು ಕೊಟ್ಟರೆ ಕೈ ನೋವು ಎನ್ನುತ್ತೇನೆ.

ಶುಕ್ರವಾರ

ಇದನ್ನು ಅಂದೇ ಅಂಚೆಗೆ ಹಾಕುವವಳಿದ್ದೆ. ಮನೆಯಲ್ಲಿ ಸ್ಟಾಂಪ್ ಇರಲಿಲ್ಲ. ಹರಿದು ಹೊಸದು ಬರೆಯೋಣ ಎನ್ನಿಸಿತು, ಆದರೆ ಮೇಲೆ ಬರೆದದ್ದನ್ನೂ ನೀನು ಓದಬೇಕು.

ನಿನ್ನೆ ಹೋಗಿದ್ದೆ. ಕ್ಯಾಮೆರಾ ಇಟ್ಟಿದ್ದರು, ಅದನ್ನು ಅಲ್ಲಿಂದ ತೆಗೆಸಿದೆ. ಕಾಫಿ ಕೊಟ್ಟರು, ಮುಟ್ಟಲಿಲ್ಲ. ಯಾರೂ ಸಹಿ ಕೇಳಲಿಲ್ಲ. ಡೇನೀಸ್ ನನ್ನ ಕಿವಿಗೆ ಹೆಡ್‌ಫೋನ್ ಹಾಕಿ ಪಕ್ಕದಲ್ಲೇ ಕೂತಳು. ಕೋಣೆಯಲ್ಲಿ ಓಥಾ ಕೆಮ್ಮಿದ. ಕುಡಿದು ಕುಡಿದು ಅವನಿಗಿದ್ದ ಆ ಕೆಮ್ಮು ಕೇಳಿದ್ದೇ ನನ್ನ ಕಣ್ಣು ತುಂಬಿತು. ಕ್ಲಿಯೋಥಾ ಯಾರಿಗೋ ತಮಾಷೆ ಮಾಡಿದ. ನೀನು ನಕ್ಕೆ. ಅಷ್ಟು ಸಣ್ಣ ವಯಸ್ಸಿನ ನಗು ನಮ್ಮಲ್ಲಿತ್ತು ಎಂಬುದೇ ಮರೆತುಹೋಗಿತ್ತು.

ಆಮೇಲೆ ಹಾಡು. ವಾದ್ಯ ನಿಂತಿತು. ಟಕ್ ಎಂದಿತು, ಕೂಗು ಎದ್ದಿತು. ನನ್ನ ಅಜ್ಜಿ ಪ್ರಾರ್ಥನೆಯಲ್ಲಿ ಎತ್ತುತ್ತಿದ್ದ ಕೂಗು ಅದು, ಅವಳು ಹೊಲದಲ್ಲಿ ಕಲಿತದ್ದು.

ಡೇನೀಸ್ ಟೇಪು ನಿಲ್ಲಿಸಿ, "ಕೂಗಿಗೆ ಮೊದಲು ಏನೋ ಟಕ್ ಅನ್ನುತ್ತಲ್ಲ ಮಿಸ್ ಟೀನಿ, ಟೇಪು ಹಾಳಾಗಿರೋದು. ರೆಕಾರ್ಡು ಹೊಸದಾಗಿ ಹೊರತರುವಾಗ ಅದನ್ನ ತೆಗೆದುಹಾಕ್ತೀವಿ" ಎಂದಳು.

ನಾನು ದವಡೆಯ ಮೇಲೆ ಕೈ ಇಟ್ಟುಕೊಂಡೆ. ಅವಳು ಟೇಪನ್ನು ಮುಂದೆ ಓಡಿಸಿದಳು. ಹಾಡು ಮುಗಿಯಿತು. "ಇದೇ ಸರಿ, ಇನ್ನು ಯಾರೂ ಏನೂ ಮುಟ್ಟಬೇಡಿ" ಎಂದ ಬರ್ಲ್ ಸಾಹೇಬ. ಆಗ ನಿನ್ನ ದನಿ: "ಟೀನಿ, ಹೊಟ್ಟೆ ಚುರುಗುಡ್ತಿದೆ ಕಣೇ. ಪಕ್ಕದಂಗಡೀಲಿ ಮೀನಿನ ಸ್ಯಾಂಡ್‌ವಿಚ್ ತಂದ್ಬಿಡೇ. ಖಾರದ ಸಾಸ್ ಜಾಸ್ತಿ ಹಾಕ್ಸು." ನಾನು ನಗುತ್ತ ಏನೋ ಅಂದೆ. ಬಾಗಿಲು ಧಡ್ ಎಂದು ಹಾಕಿಕೊಂಡಿತು. ಆ ಬಾಗಿಲ ಸದ್ದು ನಾನು.

ಮನೆಗೆ ಬರುವಾಗ ಬಸ್ಸಿನಲ್ಲಿ ನನ್ನ ಸ್ಟಾಪು ಬಿಟ್ಟು ಎರಡು ಸ್ಟಾಪು ಮುಂದೆ ಹೋಗಿಬಿಟ್ಟೆ.

ಡೇನೀಸ್ ಒಳ್ಳೆಯ ಹುಡುಗಿ ಎಂದು ಈಗ ಅನ್ನಿಸುತ್ತದೆ. ನಾನು ಎದ್ದಾಗ ಕೋಟು ಹಿಡಿದು ತೊಡಿಸಿದಳು. ಪಾದ್ರಿ ಗೇದರ್ ಪ್ರಾರ್ಥನೆ ಮಾಡಿಕೊಳ್ಳಲಿ, ಹೋಟೆಲು ಕಟ್ಟುವವರು ಕಟ್ಟಿಕೊಳ್ಳಲಿ. ನಾನು ಯಾರ ಮೇಲೆ ಅನುಮಾನಪಟ್ಟೆನೋ ಅವರೆಲ್ಲರ ಹತ್ತಿರ ಮನಸ್ಸಿನಲ್ಲೇ ಕ್ಷಮೆ ಕೇಳಿದ್ದೇನೆ. ಇವತ್ತು ಬೆಳಿಗ್ಗೆ ವಾರ್ಡೆಲ್‌ನ ಸಮಾಧಿಗೂ ಹೋಗಿ ಬಂದೆ.

ದೇವರು ನಿನ್ನ ಮಂಡಿಗೆ ಬಲ ಕೊಡಲಿ, ನಿನ್ನ ಮಗಳನ್ನೂ ಮೊಮ್ಮಕ್ಕಳನ್ನೂ ಚಳಿಯಿಂದ ಕಾಯಲಿ, ನಿನ್ನ ಮನೆಯಲ್ಲಿ ಊಟಕ್ಕೆ ಯಾವತ್ತೂ ಕೊರತೆ ಬಾರದಿರಲಿ. ಇದನ್ನು ಮನಸಾರೆ ಬರೆದಿದ್ದೇನೆ, ನಂಬು.

ಅರ್ನೆಸ್ಟೀನ್ ಬಾಡ್ಲಿ

ತಾ.ಕ.: ಬಾಗಿಲು ಹಾಕಿಕೊಂಡ ಮೇಲೂ ಟೇಪು ಓಡುತ್ತಿತ್ತು ಲರ್ಲೀನ್. ನಿಲ್ಲಿಸುವುದನ್ನು ಮರೆತಿದ್ದರು. ಬರ್ಲ್ ಸಾಹೇಬ, "ಆ ಕೂಗು ಹಾಕಿದ್ದು ಯಾರು? ಹೆಸರು ಬೇಕು, ಹೊದಿಕೆ ಮೇಲೆ ಹಾಕಿಸ್ತೀನಿ" ಎಂದು ಕೇಳಿದ. ಕೇಳಿದ, ತಿಳಿಯಿತೇ? ಓಥಾ ಕೆಮ್ಮುತ್ತಲೇ ಇದ್ದ. ಕ್ಲಿಯೋಥಾ ಹೊರಗೆ ಸಿಗರೇಟು ಸೇದಲು ಹೋಗಿದ್ದನೇನೋ. ಆಮೇಲೆ ನೀನು, "ನಾನೇ ಸಾರ್. ಲರ್ಲೀನ್ ಸಗ್ಸ್. ಸ್ಪೆಲಿಂಗಲ್ಲಿ ಜಿ ಎರಡು ಹಾಕಿ, ಎಲ್ರೂ ಒಂದೇ ಬರೀತಾರೆ" ಎಂದೆ.

ಡೇನೀಸ್ ನನ್ನ ಕೈ ಹಿಡಿದುಕೊಂಡು, "ಬೇಜಾರಾಯ್ತಾ ಮಿಸ್ ಟೀನಿ? ಹಾಗಾದ್ರೆ ಅದು ಮಿಸ್ ಲರ್ಲೀನ್ ಅವರೇ ಅಲ್ವಾ?" ಎಂದಳು. ನಾನು ಬಾಯಿ ಬಿಟ್ಟಿದ್ದರೆ ಸಾಕಿತ್ತು, ಅಲ್ಲೇ ಟಕ್ ಎನ್ನುತ್ತಿತ್ತು. ಬಿಡಲಿಲ್ಲ. "ಲರ್ಲೀನ್‌ನೇ ಕೇಳು" ಎಂದಷ್ಟೇ ಹಲ್ಲು ಕಚ್ಚಿಕೊಂಡು ಹೇಳಿ ಬಂದೆ. ಮುಂದಿನ ವಾರದ ಕೊನೆಗೆ ಹಿತ್ತಾಳೆ ಎರಕ ಹೊಯ್ಯುತ್ತಾರೆ. ಅದಕ್ಕೆ ಮೊದಲು ಅವಳ ಫೋನ್ ನಿನಗೆ ಬರುತ್ತದೆ.

ಆವತ್ತು ಅಂಗಡಿಯವನ ಹತ್ತಿರ ಎರಡೆರಡು ಸಲ ಹೇಳಿ ಖಾರದ ಸಾಸ್ ಜಾಸ್ತಿ ಹಾಕಿಸಿದ್ದೆ. ತುಂಬ ಚೆನ್ನಾಗಿದೆ ಎಂದು ನೀನು ನನ್ನ ಪಾಲಿನದನ್ನೂ ತಿಂದೆ.