ಮಶೀನು ಓದದ ಸಾಲು

೮ ಆಗಸ್ಟ್ ೨೦೦೫, ಸೋಮವಾರ. ಸಂಜೆ ಏಳು.

ಬೆಳಿಗ್ಗೆ ಎರಡು ಅರ್ಜಿ ಟೈಪು ಮಾಡಿದೆ. ಮಧ್ಯಾಹ್ನ ಕರೆಂಟು ಹೋಯಿತು. ಕಂಪ್ಯೂಟರ್ ಕ್ಲಾಸಿನ ಹುಡುಗಿಯರು ಎದ್ದು ಹೋದರು. ಕ್ಲಾಸು ನಡೆಸುವ ರುದ್ರೇಶ ಅವರು ಹೊರಗೆ ಬಂದು ಆಕಾಶ ನೋಡಿ, "ಇವತ್ತ ಇಷ್ಟ ವೈನಿ" ಎಂದು ಬಾಗಿಲು ಮುಂದೆ ಮಾಡಿದರು. ಗೆಳೆಯನ ಹೆಂಡತಿ, ಅದಕ್ಕೇ ಅವರಿಗೆ ನಾನು ವೈನಿ, ಅತ್ತಿಗೆ.

ಅಷ್ಟರಲ್ಲಿ ಒಬ್ಬಳು ಬಂದಳು. ಟಿಬೆಟಿನ ಹೆಂಗಸು, ಮುಂಡಗೋಡ ಕ್ಯಾಂಪಿನವಳು. ಹೆಸರು ಯಾಂಗ್ಚೆನ್. ಇಲ್ಲೇ ಹುಟ್ಟಿದವಳಂತೆ, ಮಾತು ನಮ್ಮ ಕಡೆಯದೇ. ಕ್ಯಾಂಪಿನಲ್ಲಿ ಕಾರ್ಪೆಟ್ಟು ನೇಯುವ ಹೆಂಗಸರ ಮುಖ್ಯಸ್ಥೆ. ಚೀಲದಿಂದ ಕಸೂತಿ ಪ್ರೋಗ್ರಾಮಿನ ಒಂದು ಸಿ.ಡಿ. ತೆಗೆದಳು. ಕವರಿನ ಮೇಲಿನ ಅಕ್ಷರ ನಮ್ಮ ಮನೆಯವರದು... ಓರೆಯಾಗಿ, ಕೊನೆಯ ಅಕ್ಷರದ ಬಾಲ ಉದ್ದ.

"ಅತ್ತಿವೇರಿ ಕಡೆ ತಾಂಡಾದವರು ಕೊಟ್ರು ಅಕ್ಕಾ. ಸುಭಾಷ ಅಂಬವರು ಯಾರು?"

ರುದ್ರೇಶ ಅವರೇ ಹೇಳಿದರು. ಮೇ ತಿಂಗಳಲ್ಲಿ, ದಾಂಡೇಲಿ ರಸ್ತೆ, ಬೈಕಿಗೆ ಕಾಡುಹಂದಿ ಅಡ್ಡ ಬಂತು. ನಾನು ಕೀಬೋರ್ಡಿನ ಮೇಲೆ ಬಟ್ಟೆ ಹೊದಿಸಿದೆ.

ಅವಳು ಕವರಿನೊಳಗಿಂದ ಒಂದು ಚೀಟಿ ತೆಗೆದಳು. ಆಮೇಲೆ, "ಈ ಚೀಟಿ ನೋಡಿ ಬಂದಿದ್ನಿ" ಎಂದಳು. ಸಿ.ಡಿ. ಜೊತೆ ಇಡುವ ಚೀಟಿ. ಸೋರ್ಸ್, ಅಂದರೆ ಪ್ರೋಗ್ರಾಮಿನ ಮೂಲ ಬರಹ, ಬೇಕಾದವರು ಮೂರು ವರ್ಷದ ಒಳಗೆ ಯಾವಾಗ ಕೇಳಿದರೂ ಕೊಡುತ್ತೇನೆ, ಹಳಿಯಾಳ, ಇಂಥ ವಿಳಾಸ.

ನೋಡಿ ಹೇಳುತ್ತೇನೆ ಎಂದೆ. ಚಹಾ ಕುಡಿಯದೆ ಹೋದಳು.

೯ ಆಗಸ್ಟ್.

ಆ ಚೀಟಿ ಬರೆದ ದಿನ ನೆನಪಿದೆ. ಹೋದ ವರ್ಷ. ನಾನು ರೊಟ್ಟಿ ಬಡಿಯುತ್ತಿದ್ದೆ. ಅವರು ಒಲೆಯ ಹತ್ತಿರ ಕೂತು ಇಂಗ್ಲಿಷಿನ ಲೈಸೆನ್ಸ್ ಹಾಳೆ ಹಿಡಿದಿದ್ದರು. ಜಿ.ಪಿ.ಎಲ್. ಅನ್ನುತ್ತಾರೆ. "ಮಾಲಾ, ಇದನ್ನ ತಾಂಡಾದವರಿಗೆ ತಿಳಿಯೂ ಹಂಗ ಹೆಂಗ ಹೇಳ್ತಿ?" ನಾನು ಎಸ್ಸೆಸ್ಸೆಲ್ಸಿ. ಅದಕ್ಕೇ ನನ್ನನ್ನು ಕೇಳುತ್ತಿದ್ದರು, ನನಗೆ ತಿಳಿದರೆ ಎಲ್ಲರಿಗೂ ತಿಳಿದಂತೆ ಎಂದು ನಗುತ್ತಿದ್ದರು.

ಚೀಟಿಯಲ್ಲಿ ಇಷ್ಟು ಬರೆದೆವು: ಯಾರು ಬೇಕಾದರೂ ಬಳಸಬಹುದು. ಯಾರಿಗೆ ಬೇಕಾದರೂ ಹಂಚಬಹುದು. ತಿದ್ದಬಹುದು. ತಿದ್ದಿದ್ದನ್ನು ಹಂಚಿದರೆ ಇದೇ ಶರತ್ತಿನ ಮೇಲೆ ಹಂಚಬೇಕು, ಸೋರ್ಸ್ ಮುಚ್ಚಿಡಬಾರದು. ಮೊದಲು ಬರೆದವರ ಹೆಸರು ಅಳಿಸಬಾರದು. ತಿದ್ದಿದವರು ತಾವು ತಿದ್ದಿದ್ದೇವೆಂದು, ಯಾವ ತಾರೀಖು ಎಂದು ಬರೆಯಬೇಕು.

ಕೊನೆಗೆ, ಇದಕ್ಕೆ ಯಾವ ವಾರಂಟಿಯೂ ಇಲ್ಲ.

"ಬರದವರಿಗಾದ್ರೂ ಐತೋ ಇಲ್ಲೋ?" ಎಂದಿದ್ದೆ ನಾನು. ಇಬ್ಬರೂ ನಕ್ಕೆವು. ರೊಟ್ಟಿ ಹೊತ್ತಿತು.

೧೧ ಆಗಸ್ಟ್, ಗುರುವಾರ.

ರುದ್ರೇಶ ಅವರನ್ನು ಕೇಳಿದೆ. ಕೊಡಲೇಬೇಕೇ?

ಅವರು ಹೇಳಿದ್ದು: "ಕಾಯ್ದೆ ನೋಡಿದ್ರ ಶರತ್ತು ಇರೂದು ಬ್ಯಾರೆಯವರಿಗೆ ವೈನಿ. ಬರದಂವ ಮಾಲಕ. ಈಗ ಅವನ ಜಾಗಾಕ್ಕ ನೀವು. ಇಲ್ಲ ಅಂದ್ರ ಯಾರೂ ನಿಮ್ಮನ್ನ ಕೋರ್ಟಿಗೆ ಎಳಿಯಂಗಿಲ್ಲ. ಆದ್ರ..." ಚೀಟಿ ತಿರುಗಿಸಿ ಮುರುಗಿಸಿ ನೋಡಿದರು. "ಇದು ಅಂವ ಕೈಯಾರೆ ಬರದುಕೊಟ್ಟ ಮಾತು."

ನಮ್ಮ ಮನೆಯವರ ಕಂಪ್ಯೂಟರನ್ನು ಮೇ ತಿಂಗಳಿಂದ ಯಾರೂ ಹಚ್ಚಿರಲಿಲ್ಲ. ಇಂದು ಹಚ್ಚಿದೆವು. ಫ್ಯಾನಿನ ಸದ್ದು ಹಾಗೇ ಇದೆ, ಮೊದಲು ಕೆಮ್ಮಿದಂತೆ.

ಸೋರ್ಸ್ ಅಂದರೆ ಏನೋ ಅಂದುಕೊಂಡಿದ್ದೆ. ಸಾಲು ಸಾಲು ಇಂಗ್ಲಿಷು, ನನಗೆ ತಿಳಿಯುವಂಥದಲ್ಲ. ನಡುನಡುವೆ ಮಾತ್ರ ನಮ್ಮ ಮಾತು, ಇಂಗ್ಲಿಷ್ ಅಕ್ಷರದಲ್ಲಿ. ಅಂಥ ಸಾಲಿನ ಮುಂದೆ ಒಂದು ಗುರುತು ಹಾಕಿದರೆ ಮಶೀನು ಅದನ್ನು ಓದುವುದಿಲ್ಲವಂತೆ, ದಾಟಿ ಹೋಗುತ್ತದಂತೆ. ಬರೆದವರು ತಮಗಾಗಿ, ಮುಂದೆ ನೋಡುವವರಿಗಾಗಿ ಬರೆದಿಡುವುದು.

ಒಂದು ಕಡೆ: "ರುದ್ರ್ಯಾ, ಇಲ್ಲಿ ಕೈ ಹಚ್ಚಬ್ಯಾಡ, ಹಿಂದಕ ಕೆಡಿಸಿದ್ದು ಸಾಕು."

ರುದ್ರೇಶ ಅವರು ಜೋರಾಗಿ ನಕ್ಕರು. ಆಮೇಲೆ ಕನ್ನಡಕ ತೆಗೆದು ಅಂಗಿಗೆ ಒರೆಸಿದರು. ಒರೆಸುತ್ತಲೇ ಇದ್ದರು.

ಇನ್ನೂ ಕೆಳಗೆ: "ಮೂಲಿ ತಪ್ಪೈತಿ. ಯಾಡಿ ಹೇಳ್ಯಾಳ. ನಾಳೆ ಮಾಡ್ತೇನಿ."

ಅಲ್ಲಿಗೇ ನಿಲ್ಲಿಸಿರಿ ಎಂದೆ. ಮುಂದೆ ನೋಡಲಿಲ್ಲ.

೧೪ ಆಗಸ್ಟ್, ರವಿವಾರ.

ಯಾಡಿಯನ್ನು ಕೇಳಿದೆ. ಅತ್ತೆಯನ್ನು ನಾನೂ ಅವರಂತೆ ಯಾಡಿ ಎಂದೇ ಕರೆಯುವುದು. ನಮ್ಮ ಲಂಬಾಣಿ ಮಾತಿನಲ್ಲಿ ತಾಯಿ.

ಹೌದಂತೆ. ಪ್ರೋಗ್ರಾಮು ಯಾಡಿಯ ಕಸೂತಿಯನ್ನು ಚೌಕ ಚೌಕದ ಹಾಳೆಯ ಮೇಲೆ ಬರೆದುಕೊಡುತ್ತದೆ, ಚೌಕಕ್ಕೊಂದು ಹೊಲಿಗೆ. ಅಂಚು ಮೂಲೆಗೆ ಬಂದು ತಿರುಗುವಲ್ಲಿ ಒಂದು ಚೌಕ ಬಿಟ್ಟುಬಿಡುತ್ತದೆ. ಮೊದಲ ಹಾಳೆ ನೋಡಿದಾಗಲೇ ಯಾಡಿ ಹೇಳಿದ್ದರಂತೆ.

"ನಾಳೆ ಮಾಡ್ತೇನಿ ಯಾಡಿ ಅಂದ. ಅಂವ ಯಾವಾಗ ಇವತ್ತ ಅಂದಾನ?"

ತಾಂಡಾದ ಹೆಂಗಸರು ಹಾಳೆಯಲ್ಲಿದ್ದಂತೆ ಹೊಲಿದರು. ಚೀಲ, ದಿಂಬಿನ ಕವರು, ಎಲ್ಲದರ ಮೂಲೆಯಲ್ಲಿ ಒಂದು ಹೊಲಿಗೆ ಖಾಲಿ. ಅದೇ ಹೊಸ ಮಾದರಿ ಎಂದುಕೊಂಡರು. ಮೇ ತಿಂಗಳ ನಂತರ ಅದು ತಪ್ಪು ಎಂದು ಯಾಡಿಯೂ ಯಾರಿಗೂ ಹೇಳಲಿಲ್ಲ. ತಾಂಡಾದ ಕಾಶೆವ್ವ ಈಗ ಅದನ್ನು ಸುಭಾಷನ ಮೂಲಿ ಅನ್ನುತ್ತಾಳಂತೆ. ಬೇರೆ ತಾಂಡಾದವರಿಗೆ, ಹಂಗ ಬಿಡಬೇಕವ್ವಾ, ತುಂಬಬ್ಯಾಡ್ರಿ ಎಂದು ಕಲಿಸುತ್ತಾಳಂತೆ.

ಸೋರ್ಸ್ ಕೊಟ್ಟರೆ ಯಾರಾದರೂ ಮೂಲೆ ಸರಿ ಮಾಡುತ್ತಾರೆ. ಅವರು ನಾಳೆ ಮಾಡುತ್ತೇನೆ ಎಂದಿದ್ದನ್ನು ಬೇರೆ ಯಾರೋ ಮಾಡಿ ಮುಗಿಸುತ್ತಾರೆ. ಆಮೇಲೆ ಅವರಿಗೆ ಮಾಡಲು ಏನೂ ಉಳಿಯುವುದಿಲ್ಲ.

ಕೊಡುವುದಿಲ್ಲ.

೨೯ ಆಗಸ್ಟ್, ಸೋಮವಾರ. ಮಧ್ಯಾಹ್ನ.

ಯಾಂಗ್ಚೆನ್ ಮತ್ತೆ ಬಂದಳು. ಎರಡು ಬಸ್ಸು ಬದಲಿಸಿ. ಡಿಸ್ಕು ಕೆಟ್ಟಿದೆ, ಏನೂ ಸಿಗುತ್ತಿಲ್ಲ ಎಂದೆ. ರುದ್ರೇಶ ಅವರು ಒಳಗಿನಿಂದ ಕೇಳಿಸಿಕೊಂಡರು. ಹೊರಗೆ ಬರಲಿಲ್ಲ.

ಅವಳಿಗೆ ಸಿಟ್ಟು ಬರಲಿಲ್ಲ. ಬಂದಿದ್ದರೆ ಚೆನ್ನಾಗಿತ್ತು.

"ನಮಗ ಬ್ಯಾರೆ ಏನೂ ಬ್ಯಾಡಾಗಿತ್ತು ಅಕ್ಕಾ. ಆ ಮೂಲಿದಷ್ಟ. ನಿಮ್ಮ ಹೊಲಿಗ್ಯಾಗ ಒಂದು ಬಿಟ್ರ ನಡೀತೈತಿ, ಅಲ್ಲಿ ಅರಿವಿ ಕಾಣಸ್ತೈತಿ. ನಮ್ಮದು ಗಂಟು. ಹಾಳ್ಯಾಗ ಒಂದು ಕಮ್ಮಿ ಬಿದ್ರ ಇಡೀ ಸಾಲು ಸರೀತೈತಿ. ಮುದುಕ್ಯಾರು ಒಂದು ಹಾಸು ಎಲ್ಲಾ ಬಿಚ್ಚಿದ್ರು."

ಬಿಚ್ಚಿದರೇ ಎಂದೆ.

"ಬಿಚ್ಚಿದ್ರು. ಬೈಕೋತ. ನಮ್ಮ ಮಾತಿನ್ಯಾಗ ಬೈದ್ರು, ನಿಮ್ಗ ತಿಳೀತಿದ್ದಿಲ್ಲ ಬಿಡ್ರಿ." ನಕ್ಕಳು. ಹೋಗುವಾಗ ಒಂದು ಸಣ್ಣ ಕಟ್ಟು ಇಟ್ಟಳು. ಉಣ್ಣೆಯ ತುಂಡು, ಕೆಂಪು. "ಅವ್ವಾರಿಗೆ ಕೊಡ್ರಿ. ಅವರ ಮಾದರಿ ಅಂತ ತಾಂಡಾದಾಗ ಹೇಳಿದ್ರು."

ಅದರ ಮೇಲೆ ಯಾಡಿಯ ಅಂಚು. ಹೊಲಿಗೆಯಲ್ಲಲ್ಲ, ಗಂಟಿನಲ್ಲಿ. ಒಂದು ಕಡೆಯಿಂದ ಓರೆಯಾಗಿ ಸರಿದು ಹೋಗಿದೆ.

ಅದೇ ದಿನ, ರಾತ್ರಿ.

ಯಾಡಿ ಉಣ್ಣೆಯ ತುಂಡನ್ನು ಬೆರಳಿನಿಂದ ಮುಟ್ಟಿ ನೋಡಿದರು. ಕಣ್ಣು ಈಗ ಮಂದ. ಬೆರಳೇ ಎಲ್ಲ.

"ಯಾರು ಇದನ್ನ ಹಾಳು ಮಾಡಿದವರು?"

ಹೇಳಿದೆ. ಡಿಸ್ಕಿನ ಸುಳ್ಳನ್ನೂ ಹೇಳಿದೆ.

"ಕೇಳಿದವರಿಗೆ ನಾ ಯಾವಾಗರೆ ಹೊಲಿಗಿ ತೋರಸೂದಿಲ್ಲ ಅಂದೇನೇನ? ಅದರಾಗ ಇರೂದು ನನ್ನ ಹೊಲಿಗಿ. ನಿನ್ನ ಗಂಡ ಕೊಡ್ತೇನಿ ಅಂತ ಬರದಾನ. ಕೂಡಿಸಿಟ್ಟು ಏನ್ ಮಾಡ್ತಿ? ಉಪ್ಪು ಹಚ್ಚಿ ಇಡ್ತೀಯೇನ?"

ನಾನು ತಾಟು ತಂದಿಟ್ಟೆ.

"ನನಗೂ ಆ ಮೂಲಿ ಖಾಲಿ ಇರೂದು ಬೇಕು ಮಾಲಾ" ಎಂದರು ಆಮೇಲೆ. ದನಿ ಇಳಿದಿತ್ತು. "ನನ್ನ ಮಗಂದು. ಬ್ಯಾಡಂತೀಯೇನ? ಆದ್ರ ಇಲ್ಲಿ ನೋಡು, ಇದು ಸರದಬಿಟ್ಟೈತಿ."

ಊಟ ಸೇರಲಿಲ್ಲ. ಇಬ್ಬರಿಗೂ.

೫ ಸೆಪ್ಟೆಂಬರ್, ಸೋಮವಾರ.

ಕೊಟ್ಟೆ. ರುದ್ರೇಶ ಅವರು ಸಿ.ಡಿ. ಬರೆದರು. ನಡುವಿನ ನಮ್ಮ ಮಾತುಗಳನ್ನು ತೆಗೆದು ಕೊಡಲೇ ಎಂದು ಕೇಳಿದರು. ಬೇಡ ಎಂದೆ. ಅವರು ಬರೆದಂತೆಯೇ ಹೋಗಲಿ.

ಡಿಸ್ಕು ಸರಿ ಆಯಿತು ಎಂದೆ ಯಾಂಗ್ಚೆನ್‌ಗೆ. "ಹೌದ್ರಿ, ಒಮ್ಮೊಮ್ಮೆ ತಾನ ಸರಿ ಆಗ್ತಾವ" ಎಂದಳು. ಗೊತ್ತಾಗಿದೆ ಅವಳಿಗೆ. ಚಹಾ ಕುಡಿದು ಹೋದಳು.

೨ ನವೆಂಬರ್.

ಬಹಳ ದಿನ ಬರೆಯಲಿಲ್ಲ. ಬರೆಯುವಂಥದು ಇರಲಿಲ್ಲ.

ದೀಪಾವಳಿಗೆ ತಾಂಡಾಕ್ಕೆ ಹೋಗಿದ್ದೆವು. ಬೆಂಕಿಗೆ ಸಿಹಿ ಹಾಕಿ, ಸತ್ತವರನ್ನು ಒಬ್ಬೊಬ್ಬರನ್ನೇ ಹೆಸರು ಹೇಳಿ ಕರೆಯುವುದು. ಮಾವನವರ ಹೆಸರು, ಅವರ ತಂದೆಯ ಹೆಸರು. ಕೊನೆಗೆ ಯಾಡಿ ಮಗನ ಹೆಸರು ಹೇಳಿದರು. ದನಿ ಒಡೆಯಲಿಲ್ಲ. ನಾನು ಅನ್ನಲಿಲ್ಲ. ಹೆಂಡತಿ ಗಂಡನ ಹೆಸರು ಹೇಳುವ ಪದ್ಧತಿ ನಮ್ಮಲ್ಲಿಲ್ಲ. ಮದುವೆಯಾದಾಗಿನಿಂದ ಒಮ್ಮೆಯೂ ಹೇಳಿಲ್ಲ. ಇಲ್ಲಿ ಸಹ ಬರೆದಿಲ್ಲ, ಬೇರೆಯವರು ಅಂದದ್ದನ್ನು ಬಿಟ್ಟರೆ.

ತುಟಿ ಆಡಿಸಿದೆ. ಹೊಗೆ ಬಂತು.

೨೦ ನವೆಂಬರ್, ರವಿವಾರ.

ಯಾಂಗ್ಚೆನ್ ತಾನೇ ತಂದುಕೊಟ್ಟಳು. ಅವರ ಕ್ಯಾಂಪಿನ ಕಂಪ್ಯೂಟರ್ ಮಾಸ್ತರರು ಸರಿ ಮಾಡಿದ್ದಾರೆ. ಪ್ರೋಗ್ರಾಮು, ಅದರ ಸೋರ್ಸ್, ಒಂದು ಛಾಪಿಸಿದ ಹಾಳೆ. "ಶರತ್ತಿನಾಗ ಹಂಗ ಐತೆಲ್ಲಾ, ನಾವೂ ತೆರದ ಕೊಡಬೇಕಂತ."

ಹಾಳೆಯ ಮೂಲೆ ತುಂಬಿದೆ.

ಯಾಡಿ ಹೆಬ್ಬೆರಳಿನಿಂದ ಸವರಿದರು. "ಈಗ ಸರಿ ಆತು" ಎಂದರು. ಹಾಳೆಯನ್ನು ಬೋರಲು ಇಟ್ಟರು. ಸಂಜೆ ಸೂಜಿ ಹಿಡಿಯಲಿಲ್ಲ.

೨೧ ನವೆಂಬರ್.

ಸೋರ್ಸ್ ತೆರೆಸಿ ನೋಡಿದೆ. ಮೇಲೆ ಅವರ ಹೆಸರು ಇದ್ದಂತೆಯೇ ಇದೆ. ಅದರ ಕೆಳಗೆ ಮಾಸ್ತರರ ಹೆಸರು, ತಾರೀಖು, ಮೂಲೆ ಸರಿ ಮಾಡಿದೆ ಎಂದು ಇಂಗ್ಲಿಷಿನಲ್ಲಿ. ಎಲ್ಲ ಶರತ್ತಿನಂತೆ.

ಕೆಳಗೆ ಹೋದೆವು. ರುದ್ರ್ಯಾ ಇದೆ. ಮೂಲೆಯ ಸಾಲು ಇಲ್ಲ.

ಇನ್ನೊಮ್ಮೆ ಹುಡುಕಿಸಿದೆ. ಇಲ್ಲ.

"ಕೆಲಸ ಆತಲ್ಲ ವೈನಿ. ಆದ ಮ್ಯಾಲ ಅಂಥಾ ಸಾಲು ತಗೀತಾರ. ಎಲ್ಲಾರೂ ಹಂಗ ಮಾಡ್ತಾರ. ಕೆಟ್ಟ ಮನಸಿಲ್ಲ."

ತೆಗೆಯಬಾರದು ಅಂತ ಶರತ್ತಿನಲ್ಲಿ ಇಲ್ಲವೇ ಎಂದೆ.

"ಹೆಸರು ತಗೀಬಾರದು ಅಂತ ಐತಿ. ಮಾತು ತಗೀಬಾರದು ಅಂತ ಇಲ್ಲ."

ನಮ್ಮ ಕಂಪ್ಯೂಟರಿನಲ್ಲಿ ಹಳೆಯದು ಇದ್ದೇ ಇದೆ, ಹೋಗಿಲ್ಲ ಎಂದರು. ಗೊತ್ತು. ಆದರೆ ಇನ್ನು ಮುಂದೆ ಹಂಚುವುದು ಹೊಸದನ್ನೇ. ಮೂಲೆ ಸರಿ ಇರುವುದನ್ನು ಬಿಟ್ಟು ತಪ್ಪಿದ್ದನ್ನು ಯಾರು ಒಯ್ಯುತ್ತಾರೆ? ಹಳೆಯದು ಆ ಡಬ್ಬಿಯಲ್ಲಿ ಕೂತಿರುತ್ತದೆ. ನನ್ನ ಹಾಗೆ.

೨೪ ನವೆಂಬರ್, ಗುರುವಾರ. ಸಂಜೆ ಆರು.

ಮೂರು ದಿನ ತಲೆಯಲ್ಲಿ ಒಂದೇ. ಇಂದು ಕ್ಲಾಸು ಮುಗಿದ ಮೇಲೆ ಕೇಳಿದೆ. ಯಾರು ಬೇಕಾದರೂ ತಿದ್ದಬಹುದು ಅಂದರೆ ಯಾರು ಯಾರು?

"ಯಾರ ಬೇಕಾದ್ರೂ ವೈನಿ. ಕಲೆಕ್ಟರೂ ತಿದ್ದಬಹುದು, ಕಾಶೆವ್ವನೂ ತಿದ್ದಬಹುದು."

ನಾನು?

ಅವರು ಕುರ್ಚಿ ಹಿಂದಕ್ಕೆ ಸರಿಸಿ ಎದ್ದರು. "ಕೂಡ್ರಿ" ಎಂದರು.

ಮಾಸ್ತರರ ಹೊಸ ಸೋರ್ಸ್ ತೆರೆದರು. ಮೂಲೆ ತಿರುಗುವ ಜಾಗ ತೋರಿಸಿದರು. ಗುರುತು ಹಾಕಲು ಹೇಳಿದರು. ಹಾಕಿದೆ. ಆಮೇಲೆ ಟೈಪು ಮಾಡಿದೆ, ಅವರು ಬರೆದಂತೆಯೇ, ಇಂಗ್ಲಿಷ್ ಅಕ್ಷರದಲ್ಲಿ. ಮೂಲಿ ತಪ್ಪೈತಿ. ಯಾಡಿ ಹೇಳ್ಯಾಳ. ನಾಳೆ ಮಾಡ್ತೇನಿ.

"ಮೂಲಿ ಸರಿ ಆಗೇತಿ, ಕೆಳಗ ತಪ್ಪೈತಿ ಅಂತ ಐತಿ. ಓದಿದವರು ಏನನ್ನಬೇಕು?"

ಅಂದುಕೊಳ್ಳಲಿ ಎಂದೆ.

"ಹಂಗಾದ್ರ ಮ್ಯಾಲ ಬರೀರಿ. ಯಾರು ತಿದ್ದಿದ್ದು, ತಾರೀಖು. ಏನು ತಿದ್ದಿದ್ದು ಅನ್ನೂದೂ ಬರದ್ರ ಚಲೋ."

ನನ್ನ ಹೆಸರು ಬರೆದೆ. ತಾರೀಖು ಬರೆದೆ. ಒಂದು ಸಾಲು ಮತ್ತೆ ಸೇರಿಸಿದೆ, ಬೇರೇನೂ ಬದಲಾಗಿಲ್ಲ ಎಂದು ಬರೆದೆ.

"ಯಾರ ಸಾಲು ಅಂತ ಗೊತ್ತಾಗಬೇಕಲ್ರಿ" ಎಂದರು. ಆಮೇಲೆ ಅವರಿಗೇ ನೆನಪಾಯಿತು. "ಬಿಡ್ರಿ, ನಾ ಬರೀತೇನಿ."

ಬೇಡ ಎಂದೆ. ತಿದ್ದಿದವಳು ನಾನು.

ಅಕ್ಷರ ಒಂದೊಂದೇ ಹುಡುಕಿ ಒತ್ತಿದೆ, ದಿನಾ ಟೈಪು ಮಾಡುವ ಬೆರಳೇ ಆದರೂ. ಸುಭಾಷ ಬರೆದಿದ್ದ ಸಾಲು.

ರುದ್ರೇಶ ಅವರು ಪ್ರೋಗ್ರಾಮು ಓಡಿಸಿ ಒಂದು ಹಾಳೆ ಛಾಪಿಸಿದರು. ಮೂಲೆ ತುಂಬಿಯೇ ಬಂತು. ಮಶೀನು ಆ ಸಾಲನ್ನು ದಾಟಿ ಹೋಗಿತ್ತು.

೨೭ ನವೆಂಬರ್, ರವಿವಾರ. ಸಂಜೆ.

ಇಂದು ಬಟ್ಟೆ ಒಗೆದೆ. ಯಾಡಿಗೆ ಕೆಂಪು ದಾರ ತಂದೆ. ಬಾಗಿಲಲ್ಲಿ ಕೂತು ಹೊಸ ಹಾಳೆಯಂತೆ ಹೊಲಿಯುತ್ತಿದ್ದಾರೆ. ಮೂಲೆಗೆ ಬಂದಾಗ ಬೆರಳು ನಿಲ್ಲುತ್ತದೆ. ಆಮೇಲೆ ಸೂಜಿ ಚುಚ್ಚುತ್ತಾರೆ.

ಹೊಸ ಸಿ.ಡಿ. ಚೀಲದಲ್ಲಿ ಇಟ್ಟಿದ್ದೇನೆ. ಒಂದು ಕ್ಯಾಂಪಿಗೆ, ಒಂದು ತಾಂಡಾಕ್ಕೆ. ಚೀಟಿ ಹೊಸದಾಗಿ ಬರೆದೆ. ಕೇಳಿದವರಿಗೆ ಮೂರು ವರ್ಷ, ಇದೇ ವಿಳಾಸ. ಕೆಳಗೆ ನನ್ನ ಹೆಸರು. ಮತ್ತೆ ಯಾರಾದರೂ ಆ ಸಾಲು ತೆಗೆಯಬಹುದು. ತೆಗೆದರೆ...

ನಾಳೆ ಎಂಟರ ಬಸ್ಸು. ಮುಂಡಗೋಡಕ್ಕೆ ಕಲಘಟಗಿಯಲ್ಲಿ ಬದಲಿಸಬೇಕು.