ಬಿಚ್ಚದೆ ಬರಲಿ

ಮಾರ್ಚ್ ೯, ಭಾನುವಾರ

ನನ್ನ ಗುಬ್ಬಿಗೆ,

ಹೇಗಿದ್ದೀಯೆ? ನಿನ್ನ ಕಾಗದ ಬಂದು ಎಷ್ಟೋ ದಿನವಾಯಿತು. ಉತ್ತರ ಬರೆಯಲು ಕೂತಾಗಲೆಲ್ಲ ಏನೋ ನೆಪ ಮಾಡಿಕೊಂಡು ಎದ್ದುಬಿಡುತ್ತಿದ್ದೆ. ಕೋಪವೆಂದು ತಿಳಿಯಬೇಡ. ನಿನ್ನ ಮೊದಲ ಒಂಟಿ ಹಾರಾಟ ನೋಡಲು ಬರುತ್ತೀಯಾ ಎಂದು ಕೇಳಿದ್ದೀಯ. ಬರುತ್ತೇನೆ ಎನ್ನಲು ಕೈ ಬರಲಿಲ್ಲ. ಕೂದಲು ಗಿಡ್ಡ ಮಾಡಿಸಿಕೊಂಡೆಯಂತೆ. ಒಳ್ಳೆಯದೇ ಆಯಿತು. ಬಾಚಣಿಗೆ ಕಂಡರೆ ಮಂಚದಡಿ ಸೇರುತ್ತಿದ್ದವಳಿಗೆ ಸಿಕ್ಕು ಬಿಡಿಸುವ ಅಮ್ಮನ ಕಾಟ ತಪ್ಪಿತು.

ಇಲ್ಲಿಯ ಸುದ್ದಿ ನಿಮ್ಮ ಪೈಲಟ್ ತರಬೇತಿ ಶಾಲೆಗೂ ಮುಟ್ಟಿರಬೇಕು. ಹೋದ ಸೋಮವಾರ ನಮ್ಮ ವಾಯುನೆಲೆಯ ಯುದ್ಧವಿಮಾನವೊಂದು ಗುಡ್ಡದ ಕಾಡಿನಲ್ಲಿ ಬಿತ್ತು. ಹಕ್ಕಿ ಬಡಿದು ಎಂಜಿನ್ ನಿಂತಿತಂತೆ. ಒಳಗಿದ್ದ ಇಬ್ಬರೂ ಸೀಟಿನ ಸಮೇತ ಹೊರಗೆ ಹಾರಿದ್ದಾರೆ ಎಂಬಷ್ಟೇ ನಮಗೆ ಗೊತ್ತಿದ್ದದ್ದು. ಮುಂದಿನ ಸೀಟಿನ ಪ್ಯಾರಾಚೂಟ್ ಮಡಚಿದ್ದು ನಮ್ಮ ಮೇಸ್ತ್ರಿ, ಹಿಂದಿನದು ನಾನು. ಇಷ್ಟು ವರ್ಷದಲ್ಲಿ ನನ್ನ ಕೈಯದೊಂದು ಬಿಚ್ಚಬೇಕಾಗಿ ಬಂದದ್ದು ಇದೇ ಮೊದಲು.

ಅಂದು ನಮ್ಮ ಕೋಣೆಯ ಉದ್ದನೆಯ ಮೇಜಿನ ಮೇಲೆ ಅರ್ಧ ಮಡಚಿದ ಪ್ಯಾರಾಚೂಟ್ ಬಟ್ಟೆ ಹಾಗೇ ಬಿದ್ದಿತ್ತು. ಮೂಲೆಯ ವೈರ್‌ಲೆಸ್ ಗೊರಗೊರ ಎನ್ನುತ್ತ, "ಒಬ್ಬರು ಸಿಕ್ಕಿದ್ದಾರೆ, ಇನ್ನೊಬ್ಬರು ಸಿಕ್ಕಿ..." ಎಂದು ಬಾಯಿ ಮುಚ್ಚಿಕೊಂಡಿತು. ನಾನು ಚಪ್ಪಾಳೆ ತಟ್ಟಿಬಿಟ್ಟೆ. ಬೇರೆ ಯಾರೂ ತಟ್ಟಲಿಲ್ಲ.

"ಪೂರ್ತಿ ಕೇಳಮ್ಮ," ಎಂದರು ಮೇಸ್ತ್ರಿ. "ಸಿಕ್ಕೋದೇ ಬೇರೆ, ಸಿಕ್ಕಿಕೊಳ್ಳೋದೇ ಬೇರೆ. ನಿಮ್ಮ ಇಂಗ್ಲಿಷ್ ಸ್ಕೂಲಲ್ಲಿ ಹೇಳಿಕೊಡಲಿಲ್ವಾ?"

ಅವರ ಅನುಮಾನವೇ ನಿಜವಾಯಿತು. ಹಿಂದಿನ ಸೀಟಿನವರು ಕಣಿವೆಯಂಚಿನ ಮರದಲ್ಲಿ ಹಗ್ಗಗಳಿಗೆ ಸಿಕ್ಕಿಕೊಂಡು ನೇತಾಡುತ್ತಿದ್ದರು. ಹೆಲಿಕಾಪ್ಟರ್ ಹತ್ತಿರ ಹೋದರೆ ಅದರ ಗಾಳಿಗೆ ಬಟ್ಟೆ ಉಬ್ಬಿ ಅವರನ್ನು ಎಳೆದೊಯ್ದೀತು. ಅಗ್ನಿಶಾಮಕದವರು ಮರ ಹತ್ತುವವರೆಗೆ ಆ ಹಗ್ಗಗಳೇ ಗತಿ. ಅವನ್ನು ಹೇಗೆ ಜೋಡಿಸಿದ್ದೆ ಎಂದು ನೆನಪಿಸಿಕೊಳ್ಳಲು ನೋಡಿದೆ, ಆಗಲಿಲ್ಲ. ಕೈ ಕಲಿತದ್ದನ್ನು ತಲೆ ಮರೆಯುತ್ತದೇನೋ. ಅದು ಒಳ್ಳೆಯದೋ ಕೆಟ್ಟದ್ದೋ, ಈಗಲೂ ತಿಳಿಯದು.

ಸಂಜೆ ಇಳಿಸಿದರು. ಕೈ ಮುರಿದಿತ್ತು, ಅಷ್ಟೇ.

ನಿನ್ನೆ ಪ್ಲಾಸ್ಟರ್ ಹಾಕಿದ ಕೈಯಲ್ಲೇ ನಮ್ಮ ಕೋಣೆಗೆ ಬಂದರು. ನಿನಗಿಂತ ನಾಲ್ಕೈದು ವರ್ಷ ದೊಡ್ಡವರಿರಬೇಕು.

"ಮಡಚಿದ್ದು ನೀವೇನಾ ಅಮ್ಮ?"

"ಹೌದಪ್ಪ."

"ಚೆನ್ನಾಗಿ ಬಿಚ್ಚಿಕೊಳ್ತು. ಮರ ಮಾತ್ರ ನಿಮ್ಮ ಮಾತು ಕೇಳಲಿಲ್ಲ."

ಎಲ್ಲರೂ ನಕ್ಕರು. ಇನ್ನು ಮುಂದೆಯೂ ಅವರ ಪ್ಯಾರಾಚೂಟನ್ನು ನಾನೇ ಮಡಚಬೇಕಂತೆ. ಮೇಸ್ತ್ರಿ ವಾಡಿಕೆಯಂತೆ, "ಬಿಚ್ಚದೆ ಬರಲಿ," ಎಂದರು. ಬಿಚ್ಚುವ ಸಂದರ್ಭವೇ ಬಾರದಿರಲಿ ಎಂಬ ನಮ್ಮವರ ಹಾರೈಕೆ ನಿನಗೆ ಗೊತ್ತಲ್ಲ. ನಾನು ಎಂದಿನಂತೆ ಅದನ್ನು ಹೇಳದೆ ಮಡಚುವ ಕೆಲಸಕ್ಕೆ ಮರಳಿದೆ.

ನಿನ್ನ ಹಾರಾಟದ ದಿನ ಬರುತ್ತೇನೆ, ಗುಬ್ಬೀ. ರಜೆ ಕೇಳಿದ್ದಾಗಿದೆ. ಮುಂದಿನ ಸಾಲಿನಲ್ಲಿ ಕೂರಿಸಬೇಡ. ಹಿಂದೆ ಎಲ್ಲಾದರೂ ನಿಂತುಕೊಳ್ಳುತ್ತೇನೆ. ಹೊತ್ತಿಗೆ ಸರಿಯಾಗಿ ಉಣ್ಣು. ಎಷ್ಟು ಎತ್ತರ ಹೋದರೂ ನೆಲ ನಿನ್ನನ್ನು ಮೆತ್ತಗೆ ಇಳಿಸಿಕೊಳ್ಳಲಿ.

ನಿನ್ನ
ಅಮ್ಮ

ತಾ.ಕ.: ಎಲ್ಲರೂ ಹೇಳುವ ಆ ಹಾರೈಕೆಯನ್ನು ನೀನೊಬ್ಬಳು ಯಾಕೆ ಹೇಳುವುದಿಲ್ಲ ಎಂದು ಚಿಕ್ಕಂದಿನಿಂದ ಕೇಳುತ್ತಿದ್ದೀಯ. ನಿಮ್ಮಪ್ಪನಿಗೆ ಹೇಳಿಯೇ ಕಳಿಸಿದ್ದೆ. ಅವರ ವಿಮಾನವನ್ನು ಸಮುದ್ರದಿಂದ ಎತ್ತಿದಾಗ ಪ್ಯಾರಾಚೂಟ್ ನಾನು ಮಡಚಿದ ಹಾಗೇ ಇತ್ತು. ಸೀಟಿನ ಹಿಡಿ ಎಳೆದು ಹೊರಗೆ ಹಾರಲು ಹೊತ್ತೇ ಸಿಗಲಿಲ್ಲವಂತೆ. ಎಳೆದಿದ್ದರೆ ಬಿಚ್ಚುತ್ತಿತ್ತೇ ಎಂದು ಇಷ್ಟು ವರ್ಷ ನನಗೆ ಗೊತ್ತಿರಲಿಲ್ಲ. ಸೋಮವಾರ ಗೊತ್ತಾಯಿತು. ಬಿಚ್ಚುತ್ತಿತ್ತು, ಗುಬ್ಬೀ.